ಸಲೋಮೆಯ ಬಲಗೈ

"ಏಯ್, ಮತ್ತೆ ಹಿಂದೆ ಹೋದ್ಯಾ?" ಫ್ಯಾಬಿಯೆನ್ ತಿರುಗಿ ನೋಡಿ ಹಲ್ಲುಬಿಟ್ಟಳು. "ಉರ್ಸ್ ಕೈ ಅಷ್ಟು ಗಬ್ಬು ನಾರುತ್ತಾ?"

"ಸುಮ್ನೆ ನಡಿಯೇ," ಎಂದಳು ಸಲೋಮೆ.

ಜಿಮ್ನಾಸ್ಟಿಕ್ಸ್ ಹಾಲ್‌ನ ಬಾಗಿಲಲ್ಲಿ ಸಾಲು ಸರಿಯುತ್ತಿತ್ತು. ಮನೆಗೆ ಹೊರಡುವ ಮುಂಚೆ ಎಲ್ಲರೂ ಕೋಚ್ ಉರ್ಸ್ ಅವರ ಕೈ ಕುಲುಕಬೇಕು, ಕಣ್ಣಲ್ಲಿ ಕಣ್ಣಿಟ್ಟು ಬರ್ತೀನಿ ಅನ್ನಬೇಕು. ಶಾಲೆಯಲ್ಲಿ ಟೀಚರ್‌ಗೂ ಹಾಗೆಯೇ, ಅಲ್ಲಿನ ರೂಢಿ ಅದು. ತಪ್ಪಿಸಿಕೊಂಡವರನ್ನು ಉರ್ಸ್ ಬಸ್ ಸ್ಟಾಪಿನಿಂದ ವಾಪಸ್ ಕರೆಸಿದ್ದೂ ಉಂಟು.

ಈ ವಾರವೆಲ್ಲ ಸಲೋಮೆ ಎಡಗೈ ಚಾಚಿದ್ದಳು. ಒಮ್ಮೆ ಬಲಗೈಯಲ್ಲಿ ಬ್ಯಾಗ್ ಇತ್ತು. ಇನ್ನೊಮ್ಮೆ ಹಿಡಿತ ಜಾರದಂತೆ ಹಚ್ಚುವ ಚಾಕ್ ಪುಡಿ ಮೆತ್ತಿತ್ತು. ಇವತ್ತು ನೆಪಗಳೇ ಮುಗಿದಿದ್ದವು. ಭಾನುವಾರ ರಾಜಧಾನಿ ಬರ್ನ್‌ನಲ್ಲಿ ದೇಶದ ಕಿರಿಯರ ತಂಡಕ್ಕೆ ಆಯ್ಕೆ. ಅವರ ಕ್ಲಬ್ಬಿನಿಂದ ಹೋಗುವವಳು ಒಬ್ಬಳೇ. ಆ ಒಬ್ಬಳು ಸಲೋಮೆ.

"ಬರ್ತೀನಿ, ಉರ್ಸ್."

"ಬಲಗೈ ಎಲ್ಲಿ?"

ಕೊಟ್ಟಳು. ಉರ್ಸ್ ಒತ್ತಲಿಲ್ಲ, ಸುಮ್ಮನೆ ಹಿಡಿದರು. ಅಷ್ಟಕ್ಕೇ ಅವಳ ಕಣ್ಣು ಮುಚ್ಚಿಕೊಂಡವು.

"ಯಾವತ್ತಿಂದ ನೋವು?"

"ಇವತ್ತು... ಬೆಳಿಗ್ಗೆಯಿಂದ."

"ಸಲೋಮೆ."

"ಈಸ್ಟರ್ ರಜೆಯಿಂದ. ಎರಡು ತಿಂಗಳಾಯ್ತು."

ಬೈದಿದ್ದರೆ ಚೆನ್ನಾಗಿತ್ತು. ಉರ್ಸ್ ನೆಲ ನೋಡಿದರು.

ಮಣಿಕಟ್ಟಿನಲ್ಲಿ ಬೆಳೆಯುವ ಮೂಳೆಗೆ ಪೆಟ್ಟಾಗಿದೆ ಎಂದರು ಡಾಕ್ಟರ್. ಕ್ರಿಸ್‌ಮಸ್‌ವರೆಗೆ ಬಾರ್, ಅಂದರೆ ನೇತಾಡಿ ತಿರುಗುವ ಅಡ್ಡಕಂಬಿ, ಮುಟ್ಟುವಂತಿಲ್ಲ. ಆಮೇಲೂ ಮೊದಲಿನಂತೆ ಆಡಬಹುದೋ ಇಲ್ಲವೋ, ಈಗಲೇ ಹೇಳಲಾಗದು.

"ನಾನು ಓಡ್ತೀನಲ್ಲ! ನೆಗೀತೀನಲ್ಲ!"

"ಬಂಗಾರಿ, ಬಾರ್ ಹಿಡಿಯೋದು ಕಾಲಿಂದಾನಾ?" ಅಪ್ಪ ನಗಿಸಲು ನೋಡಿದ. ಅವನಿಗೇ ನಗು ಬರಲಿಲ್ಲ.

ಸಲೋಮೆಯ ಜಾಗ ಫ್ಯಾಬಿಯೆನ್‌ಗೆ ಹೋಯಿತು. ಕೈಗೆ ಪಟ್ಟಿ ಕಟ್ಟಿಕೊಂಡು ಸಲೋಮೆಯೂ ಅಪ್ಪನ ಜೊತೆ ನೋಡಲು ಹೊರಟಳು. ರೈಲಿನ ಕಿಟಕಿಗೆ ಹಣೆಯೊತ್ತಿ ಬರ್ನ್‌ವರೆಗೂ ಒಂದನ್ನೇ ಬೇಡಿಕೊಂಡಳು: ಅವಳು ಬೀಳಲಿ.

ಫ್ಯಾಬಿಯೆನ್ ಬಿದ್ದಳು. ಎತ್ತರದ ಬಾರ್ ಬಿಟ್ಟು ತಿರುಗಿ ಹಿಡಿಯುವಾಗ ಬೆರಳು ಜಾರಿತು. ಧೊಪ್! ಆ ಸದ್ದು ಮೇಲಿನ ಸಾಲಿನವರೆಗೆ ಬಂತು. ಸಲೋಮೆಗೆ ಖುಷಿಯೇನೂ ಆಗಲಿಲ್ಲ. ಬಾರ್ ಬಿಟ್ಟದ್ದು ತಾನೇ ಎಂಬಂತೆ ಎಡಗೈಯಲ್ಲಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

ಫ್ಯಾಬಿಯೆನ್ ಎದ್ದು ಆಟ ಮುಗಿಸಿದಳು. ಅಂಕಗಳನ್ನು ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ, ಕ್ಲಬ್ಬಿನ ಜಾಕೆಟ್ ತಲೆಯ ಮೇಲೆ ಎಳೆದುಕೊಂಡು ಕೂತಳು. ಉರ್ಸ್ ಹೋಗಿ ಏನೋ ಹೇಳಿದರು. ಜಾಕೆಟ್ ಅಲುಗಲಿಲ್ಲ.

ಸಲೋಮೆ ಮೆಟ್ಟಿಲಿಳಿದು ಹೋಗಿ ಪಕ್ಕದಲ್ಲಿ ಕೂತಳು.

"ಫ್ಯಾಬಿ."

"ಹೋಗೇ."

ಹೋಗಲಿಲ್ಲ. ಎದುರಿಗೆ ಬೇರೆ ಯಾರೋ ಹುಡುಗಿ ಬಾರ್ ಮೇಲೆ ಗಿರಗಿರ ತಿರುಗುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು.

"ನೀನಾಗಿದ್ರೆ ಬೀಳ್ತಿರ್ಲಿಲ್ಲ," ಎಂದಿತು ಜಾಕೆಟ್ಟಿನೊಳಗಿನ ದನಿ.

ಹೌದು ಎನ್ನಬಹುದಿತ್ತು. ತನ್ನ ಜಾಗ ಹೋದಾಗಿನಿಂದ ರಾತ್ರಿಯೆಲ್ಲ ಸಲೋಮೆ ಅದನ್ನೇ ಅಂದುಕೊಂಡಿದ್ದಳು.

"ಇಲ್ಲ ಕಣೇ," ಎಂದಳು. "ನಂಗೆ ಬಾರ್ ಹಿಡ್ಕೊಂಡು ನೇತಾಡೋಕೂ ಆಗಲ್ಲ."

ಅಪ್ಪನಿಗೂ, ಡಾಕ್ಟರಿಗೂ ಅವಳು ಹೇಳದೆ ಇದ್ದ ಮಾತು ಅದು. ಹೇಳಿದ ಮೇಲೆ ಅದು ನಿಜವಾಯಿತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

ಜಾಕೆಟ್ಟಿನ ಒಂದು ಅಂಚು ಮೇಲೆದ್ದಿತು. ಒಳಗೆ ಇನ್ನೊಂದು ತಲೆಗೆ ಜಾಗವಿತ್ತು.