ರೈಲು ನಿಲ್ದಾಣದಲ್ಲಿಟ್ಟ ಎಡೆ

ಬುದ್ಧಶಕ 2558 (ಕ್ರಿ.ಶ. 2015), ಸೆಪ್ಟೆಂಬರ್ 12, ಶನಿವಾರ. ಬೆಳಗಿನ 7 ಗಂಟೆ 50 ನಿಮಿಷಕ್ಕೆ ನಿವೃತ್ತ ಹೆಡ್‌ಮಾಸ್ಟರ್ ಥವಾತ್ ರಾಜರ ಬಣ್ಣವಾದ ಹಳದಿಯ ಅಂಗಿ ತೊಟ್ಟು ನೋಂಗ್ ಕ್ರದಾನ್ ಪೊಲೀಸ್ ಠಾಣೆಗೆ ಬಂದರು. ಕೈಯಲ್ಲಿ ದೂರಿನ ಎರಡು ಪ್ರತಿಗಳಿದ್ದವು. ಒಂದು ಠಾಣೆಗೆ. ಠಾಣೆಯವರು ತೆಗೆದುಕೊಳ್ಳದಿದ್ದರೆ ಇನ್ನೊಂದು, ಈಗ ದೇಶ ಆಳುತ್ತಿರುವ ಸೇನೆಯ ಶಿಬಿರಕ್ಕೆ. ಈ ಮಾತನ್ನು ಅವರು ಮುಚ್ಚಿಡಲೂ ಇಲ್ಲ.

ಇನ್ಸ್‌ಪೆಕ್ಟರ್ ಕಾಮ್‌ಪೊನ್ ಪೆನ್ನು ತೆಗೆದ.

"ಏನಾಯ್ತು ಮೇಷ್ಟ್ರೇ?"

"ರೈಲ್ವೆ ಸ್ಟೇಷನ್ನಲ್ಲಿ ರಾಜರ ಪಟಕ್ಕೆ... ಥೂ, ಹೇಳೋಕೆ ಬಾಯೇ ಬರಲ್ಲ."

"ನೀವು ಹೇಳ್ದೆ ನಾನು ಏನಂತ ಬರ್ಕೊಳ್ಳಲಿ?"

"ಹೇಳಿದ್ರೆ ನಾನೂ ಅಪಮಾನ ಮಾಡಿದ ಹಾಗಾಗುತ್ತೆ. ನೀವೇ ಬಂದು ನೋಡಿ."

ಅಷ್ಟರಲ್ಲಿ ಎಂಟು ಗಂಟೆಯ ರಾಷ್ಟ್ರಗೀತೆ ಮೊಳಗಿತು. ಇಬ್ಬರೂ ಎದ್ದು ನಿಂತರು, ಮುಗಿದ ಮೇಲೆ ಕುಳಿತರು. ರಾಜನಿಂದೆಯ ಕಲಂ 112ರ ಕಷ್ಟವೇ ಇದು. ಕೊಲೆಯನ್ನು ಕೊಲೆ ಎಂದು ಬರೆಯಬಹುದು, ಕಳವನ್ನು ಕಳವು ಎನ್ನಬಹುದು. ಇಲ್ಲಿ ಮಾತ್ರ ಅಪರಾಧ ಏನೆಂದು ಬಾಯಿಬಿಟ್ಟವನೂ ಅಪರಾಧಿಯಾಗಬಹುದು. ದೂರು ಯಾರು ಬೇಕಾದರೂ ಕೊಡಬಹುದು, ಬೇಡವೆನ್ನುವ ಧೈರ್ಯ ಯಾವ ಪೊಲೀಸನಿಗೂ ಇಲ್ಲ. ಶಿಕ್ಷೆ ಮೂರರಿಂದ ಹದಿನೈದು ವರ್ಷ. 8 ಗಂಟೆ 10 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

8:35. ಸ್ಥಳ ಪಂಚನಾಮೆ. ನಿಲ್ದಾಣದ ಹಾಲ್‌ನಲ್ಲಿ ಚಿನ್ನದ ಬಣ್ಣದ ಮೇಜು, ಅದರ ಮೇಲೆ ಎದೆಯೆತ್ತರದ ಚೌಕಟ್ಟು. ಪಟದ ಮುಖ ಗೋಡೆಗೆ, ಬೆನ್ನು ಜನಕ್ಕೆ. ಮೇಜಿನ ಮುಂದಿನ ಬೆಂಚಿನ ಕೆಳಗೆ ನೆಲದ ಮೇಲೊಂದು ಬಾಳೆಲೆ ಪೊಟ್ಟಣ. ಒಂದು ಬದಿ ಸ್ವಲ್ಪ ತೆರೆದಿತ್ತು, ಇನ್ನೊಂದು ಬದಿಗೆ ಎರಡು ಪೊರಕೆ ಕಡ್ಡಿ ಅಡ್ಡಡ್ಡ ಚುಚ್ಚಲಾಗಿತ್ತು.

ಅದೇನೆಂದು ಯಾರೂ ಕೇಳಬೇಕಿರಲಿಲ್ಲ. ಆ ದಿನ ಒಂಬತ್ತನೆಯ ತಿಂಗಳ ಕೃಷ್ಣ ಚತುರ್ದಶಿ. ನಮ್ಮ ಕಡೆ ಬೆಳಕು ಹರಿಯುವ ಮೊದಲೇ ವಿಹಾರದ ಅಂಗಳದಲ್ಲಿ ಸತ್ತವರಿಗೆ ಎಡೆ ಇಟ್ಟುಬರುವ ದಿನ.

"ಬದುಕಿರೋ ದೊರೆಯ ಪಟದ ಮುಂದೆ ಸತ್ತವರ ಎಡೆ!" ಥವಾತ್ ಪಿಸುಗುಟ್ಟಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಇದರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಾ?"

"ಬೇಡ ಮೇಷ್ಟ್ರೇ, ಹೇಳ್ಬೇಡಿ."

ಹೆಡ್ ಕಾನ್‌ಸ್ಟೆಬಲ್ ಪ್ರಸಾನ್ ಫೋನಿನಲ್ಲಿ ಫೋಟೊ ತೆಗೆದ.

"ನನಗೆ ಕಳಿಸು," ಎಂದ ಕಾಮ್‌ಪೊನ್.

"ಅಯ್ಯೋ ಸರ್, ಕಳಿಸಿದ್ರೆ ನಾನೂ ಹಂಚಿದ ಹಾಗೆ. ಬೇಕಾದ್ರೆ ಫೋನೇ ಇಟ್ಕೊಳ್ಳಿ."

ಯಾರೂ ನಗಲಿಲ್ಲ. ಪಂಚನಾಮೆಯಲ್ಲಿ ಬೆನ್ನು ಎಂಬ ಪದ ಬರೆಯಲು ಪ್ರಸಾನನಿಗೆ ಕೈ ಬರಲಿಲ್ಲ. ಕೊನೆಗೆ 'ಪಟವು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ' ಎಂದು ಬರೆದ. ಆಮೇಲೆ ಬೂಟು ಕಳಚಿ, ನೆಲಕ್ಕೆ ಹಣೆ ಹಚ್ಚಿ, ಚೌಕಟ್ಟನ್ನು ಸರಿಯಾಗಿ ತಿರುಗಿಸಿಟ್ಟ. ಪೊಟ್ಟಣವನ್ನು ಮಾತ್ರ ತುದಿಬೆರಳಲ್ಲಿ ಹಿಡಿದು ಚೀಲಕ್ಕೆ ಹಾಕಿದ.

"ಒಳಗೇನಿದೆ ಅಂತ ಠಾಣೇಲೇ ನೋಡೋಣ ಸರ್. ಸತ್ತೋರ ಎಡೆ ತಿಂದೋನ ಬೆನ್ನಿಗೆ ಸತ್ತೋನು ಅಂಟ್ಕೋತಾನೆ ಅಂತಿದ್ಲು ನಮ್ಮಜ್ಜಿ. ಮುಟ್ಟಿದ್ರೇನಾಗುತ್ತೋ, ಯಾರಿಗೆ ಗೊತ್ತು?"

ಸ್ಟೇಷನ್ ಮಾಸ್ತರರ ಹೇಳಿಕೆ 9:20ಕ್ಕೆ. "ನಾನೇನೂ ನೋಡಿಲ್ಲ." ಕಸ ಗುಡಿಸುವವಳದು 9:40ಕ್ಕೆ. "ನಾನೇನೂ ನೋಡಿಲ್ಲ ಸ್ವಾಮಿ, ಈ ಕಡೆ ಬರೋದೇ ಇಲ್ಲ." ಹಾಲ್ ಗುಡಿಸುವುದೇ ಅವಳ ಕೆಲಸ.

ಕಾಮ್‌ಪೊನ್‌ಗೆ ಇದರಿಂದ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಜೀವ ಹಗುರಾಯಿತು. ಪೊಟ್ಟಣ ನೋಡಿದ ಕ್ಷಣವೇ ಅವನಿಗೆ ಗೊತ್ತಾಗಿತ್ತು. ಎರಡು ಕಡ್ಡಿ ಅಡ್ಡಡ್ಡ ಚುಚ್ಚಿ ಎಲೆ ಕಟ್ಟುವ ಕೈ ಊರಲ್ಲಿ ಒಂದೇ. ಅದೇ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅಂಟಕ್ಕಿ ಅನ್ನ ಮಾರುವ ಬುವಾಲೈ ಅಜ್ಜಿಯದು. ಮೊದಲು ದಿನ ಬೆಳಗ್ಗೆ ಅವನು ತಿನ್ನುತ್ತಿದ್ದುದು ಅದನ್ನೇ. ಮೂರು ವರ್ಷದಿಂದ ತಿಂದಿಲ್ಲ. ಯಾಕೆಂದರೆ ಮೂರು ವರ್ಷದ ಹಿಂದೆ ಅದೇ ಬೆಂಚಿನ ಮೇಲಿಂದ ಅವಳ ಮಗ ವೀರಯುತ್‌ನನ್ನು ಎಬ್ಬಿಸಿ ಕೋಳ ತೊಡಿಸಿದ್ದು ಅವನೇ. ಹುಡುಗ ಫೋನಿನಲ್ಲಿ ರಾಜರ ಬಗ್ಗೆ ಒಂದೇ ಒಂದು ವಾಕ್ಯ ಬರೆದಿದ್ದ. ಐದು ವರ್ಷ ಶಿಕ್ಷೆ. ಎರಡನೆಯ ವರ್ಷ ರಾಜಧಾನಿಯ ಜೈಲಿನಲ್ಲೇ ಜ್ವರ ಬಂದು ಸತ್ತ.

ಆ ವಾಕ್ಯವನ್ನು ಕಾಮ್‌ಪೊನ್ ಒಮ್ಮೆ ಓದಿದ್ದ. ಯಾರಿಗೂ ಹೇಳುವಂತಿಲ್ಲ, ಹೆಂಡತಿಗೂ ಹೇಳಿಲ್ಲ. ಹೇಳಿಬಿಟ್ಟಿದ್ದರೆ ಮರೆತುಹೋಗುತ್ತಿತ್ತೋ ಏನೋ. ಹಲ್ಲುಜ್ಜುವಾಗ, ಊಟಕ್ಕೆ ಕೂತಾಗ, ಅದು ತಾನಾಗಿ ತಲೆಯಲ್ಲಿ ಓಡುತ್ತಿತ್ತು, ಆ ಹುಡುಗನ ದನಿಯಲ್ಲೇ.

"ಸರ್, ಈ ಕಡ್ಡಿ..." ಎಂದ ಪ್ರಸಾನ್.

"ಪೊರಕೆ ಕಡ್ಡಿ ಎಲ್ಲರ ಮನೇಲೂ ಇರುತ್ತೆ, ಸುಮ್ನಿರು."

ಆದರೆ ಥವಾತ್ ಹತ್ತಿರ ಬಂದು ಚೀಲದೊಳಗೆ ಬಗ್ಗಿ ನೋಡಿದರು. ಅವರೂ ಇಪ್ಪತ್ತು ವರ್ಷ ಅದೇ ಅನ್ನ ತಿಂದವರೇ. "ಇದು ಬುವಾಲೈ ಕಟ್ಟಿದ್ದು. ಬರ್ಕೊಳ್ಳಿ. ಬರ್ಕೊಳ್ಳದಿದ್ರೆ ಇನ್ನೊಂದು ಪ್ರತಿ ನನ್ನ ಹತ್ರಾನೇ ಇದೆ." ಕಾಮ್‌ಪೊನ್ ಬರೆದುಕೊಂಡ.

11:15. ಬುವಾಲೈ ಮನೆ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಗೋಡೆಯ ಮೇಲಿನ ರಾಜರ ಪಟಕ್ಕೆ ಅಂದಿನ ಮಲ್ಲಿಗೆ ಏರಿಸಿದ್ದಳು. ಅದರ ಕೆಳಗೆ ಬಿಳಿ ಜಾಡಿಯಲ್ಲಿ ಮಗನ ಅಸ್ಥಿ.

"ಬನ್ನಿ ಇನ್ಸ್‌ಪೆಕ್ಟರಪ್ಪ. ಬರ್ತೀರಿ ಅಂತ ಗೊತ್ತಿತ್ತು. ಊಟ ಆಯ್ತಾ?"

"ಆಯ್ತು. ಅಜ್ಜಿ, ಸ್ಟೇಷನ್ನಿನ ಪಟ ತಿರುಗಿಸಿದ್ದು ನೀವಾ?"

"ಹೂಂ."

"ಎಷ್ಟು ಹೊತ್ತಿಗೆ?"

"ನಾಲ್ಕೂವರೆ ರೈಲು ಬರೋಕೆ ಸ್ವಲ್ಪ ಮುಂಚೆ."

"ಯಾಕೆ?"

"ಅವನು ಹೆದರ್ಕೋತಾನೆ."

"ಯಾರು?"

"ನಿಮಗೆ ಗೊತ್ತಿಲ್ವಾ?"

ಕಾಮ್‌ಪೊನ್ ಕಾಗದದ ಮೇಲೆ ಕಣ್ಣು ಕೀಲಿಸಿದ. ಅಜ್ಜಿಯೇ ಮುಂದುವರಿಸಿದಳು. "ಅಸ್ಥಿ ರೈಲಲ್ಲಿ ತಂದೆ. ಬಾ ಯುತ್, ಬಾ ಮಗಾ ಅಂತ ದಾರಿಯುದ್ದಕ್ಕೂ ಕರ್ಕೊಂಡೇ ಬಂದೆ. ಸ್ಟೇಷನ್ನಲ್ಲಿ ಇಳಿದ್ವಿ. ಹಾಲ್ ದಾಟೋವಾಗ ಬೆನ್ನ ಹಿಂದೆ ತಣ್ಣಗಾಯ್ತು, ನಿಂತ್ಕೊಂಡ. ಅವರ ಪಟದ ಮುಂದೆ ಹೇಗೆ ಬರ್ತಾನೆ, ತಪ್ಪು ಮಾಡಿದೋನು? ವಿಹಾರದಲ್ಲಿ ಹೋದ ವರ್ಷ ಎಡೆ ಇಟ್ಟೆ. ಇರುವೆ ಕೂಡ ಮುಟ್ಟಲಿಲ್ಲ. ಇನ್ನೂ ಪ್ಲಾಟ್‌ಫಾರ್ಮಲ್ಲೇ ಹಸ್ಕೊಂಡು ನಿಂತಿದಾನೆ, ನಂಗೊತ್ತು. ಒಂದು ಗಳಿಗೆ ಪಟ ಆ ಕಡೆ ತಿರುಗಿಸಿದ್ರೆ ಒಳಗೆ ಬಂದು ತಿಂದು, ಮನೆಗೆ ಬರ್ತಾನೆ ಅಂದ್ಕೊಂಡೆ. ಆಮೇಲೆ ಸರಿಮಾಡೋಣ ಅಂತಿದ್ದೆ. ಜನ ಬಂದ್ಬಿಟ್ರು."

"ಅಜ್ಜಿ, ನೀವು ರಾಜರ ಸಾವು ಬಯಸಿ ಎಡೆ ಇಟ್ರಿ ಅಂತ ದೂರು."

"ಅಯ್ಯಯ್ಯೋ, ಬಿಡ್ತು ಅನ್ನಿ!" ಅವಳು ಎರಡೂ ಕೆನ್ನೆಗೆ ಬಡಿದುಕೊಂಡಳು. "ಅವರು ನೂರು ಕಾಲ ಬಾಳಲಿ! ಸತ್ತೋರ ಎಡೆ ಅವರ ಕಣ್ಣಿಗೆ ಬೀಳಬಾರ್ದು ಅಂತಾನೂ ತಾನೇ ನಾನು ತಿರುಗಿಸಿದ್ದು!"

ಪ್ರಸಾನ್ ಹೊರಗೆ ಹೋಗಿ ಮೂಗೊರೆಸಿಕೊಂಡ. 11:50ಕ್ಕೆ ಬಂಧನ. ವಯಸ್ಸು ಎಪ್ಪತ್ತೊಂದು. ಕೋಳ ತೊಡಿಸಲಿಲ್ಲ. ಜೀಪು ಹತ್ತುವಾಗ ಅಜ್ಜಿ ಕಾಮ್‌ಪೊನ್‌ನ ತೋಳು ಹಿಡಿದಳು.

"ಒಂದೇ ಒಂದು ಮಾತು ಹೇಳಪ್ಪ. ಅವನು ತಿಂದಿದ್ನಾ?"

ಪೊಟ್ಟಣವನ್ನು ಕಾಮ್‌ಪೊನ್ ಇನ್ನೂ ಬಿಚ್ಚಿ ನೋಡಿರಲಿಲ್ಲ. "ತಿಂದಿದ್ದ ಅಜ್ಜಿ. ಅರ್ಧ ತಿಂದಿದ್ದ," ಎಂದ.

ಅವಳ ಮುಖ ಅರಳಿತು. "ಹಾಗಾದ್ರೆ ನಡೀರಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಮಧ್ಯಾಹ್ನ 3:30. ಸಾಕ್ಷ್ಯದ ಕೋಣೆ. ಪೊಟ್ಟಣ ಬಿಚ್ಚಿದರು. ಅಂಟಕ್ಕಿ ಅನ್ನದ ಉಂಡೆ, ಸುಟ್ಟ ಮೀನು, ಬಾಳೆಹಣ್ಣು, ವೀಳ್ಯ, ಒಂದು ಸಿಗರೇಟು. ಎಲ್ಲವೂ ಇಟ್ಟದ್ದು ಇಟ್ಟಂತೆಯೇ ಇತ್ತು. ಒಂದು ಅಗುಳೂ ಕದಲಿರಲಿಲ್ಲ.

"ಸ್ಥಿತಿ ಏನಂತ ಬರೀಲಿ ಸರ್?" ಪ್ರಸಾನ್ ಕೇಳಿದ. "ಸೇನಾ ನ್ಯಾಯಾಲಯದಲ್ಲಿ ಈ ಸಾಕ್ಷ್ಯದ ಪಟ್ಟಿ ಆಯಮ್ಮನ ಎದುರಿಗೇ ಗಟ್ಟಿಯಾಗಿ ಓದ್ತಾರೆ."

ಕಾಮ್‌ಪೊನ್ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ಸಾಕ್ಷ್ಯವನ್ನೂ ಅವನು ತಿದ್ದಿದವನಲ್ಲ. ಹುಡುಗನ ಕೇಸಿನಲ್ಲಿ ತಿದ್ದಬಹುದಿತ್ತು, ಒಂದು ಗುಂಡಿ ಒತ್ತಿದ್ದರೆ ಆ ವಾಕ್ಯ ಅಳಿಸಿಹೋಗುತ್ತಿತ್ತು. ಆಗ ಕೈ ಏಳಲಿಲ್ಲ. ಅವನು ಬೂಟು ಕಳಚಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಎಲೆಯನ್ನು ಮುಂದೆ ಎಳೆದುಕೊಂಡ.

"ಸರ್, ಬೇಡ! ಅದು ಸತ್ತೋರದ್ದು! ಅವನು ನಿಮ್ಮ ಬೆನ್ನಿಗೆ..."

"ಗೊತ್ತು ಕಣೋ. ಮೂರು ವರ್ಷದಿಂದ ಅಲ್ಲೇ ಇದಾನೆ."

ಅನ್ನ ಮುರಿದು ಮೀನಿನ ಜೊತೆ ಬಾಯಿಗಿಟ್ಟ. ಹಳಸಿರಲಿಲ್ಲ. ಮೊದಲ ತುತ್ತನ್ನು ನೀರು ಕುಡಿದು ನುಂಗಿದ. ಲೆಕ್ಕಹಾಕಿ ಸರಿಯಾಗಿ ಅರ್ಧ ತಿಂದ. ತಿನ್ನುವಾಗ ತುಟಿ ಅಲುಗುತ್ತಿತ್ತು. ಅಗಿಯುವುದಕ್ಕಿಂತ ಹೆಚ್ಚಾಗಿ ಅಲುಗುತ್ತಿತ್ತು. ಮೂರು ವರ್ಷ ತಲೆಯೊಳಗೇ ಓಡಿದ್ದ ವಾಕ್ಯ ಮೊದಲ ಸಲ ಬಾಯಿಗೆ ಬಂತು, ಮೊದಲಿನಿಂದ ಕೊನೆಯವರೆಗೆ.

ಪ್ರಸಾನ್ ಬಾಗಿಲ ಬಳಿಯೇ ನಿಂತಿದ್ದ. "ನಾನೇನೂ ನೋಡಿಲ್ಲ ಸರ್," ಎಂದ. ಸ್ವಲ್ಪ ತಡೆದು, "ಕೇಳಿಸ್ಕೊಂಡೂ ಇಲ್ಲ," ಎಂದ.

ಸಂಜೆ 4:10ಕ್ಕೆ ಪೊಟ್ಟಣಕ್ಕೆ ಮೊಹರು ಬಿತ್ತು. ಪಟ್ಟಿಯಲ್ಲಿ ಸ್ಥಿತಿ ಎಂಬಲ್ಲಿ 'ಅರ್ಧ ಸೇವಿಸಲಾಗಿದೆ' ಎಂದು ಬರೆದರು. ಆರೋಪಿಯ ಉದ್ದೇಶ ಎಂಬ ಅಂಕಣ ಉಳಿದಿತ್ತು. ಅದನ್ನು ಕಾಮ್‌ಪೊನ್ ತಾನೇ ತುಂಬಿದ: 'ಮಗನನ್ನು ಮನೆಗೆ ಕರೆದುಕೊಂಡು ಹೋಗುವುದು.' ಮೇಲಿನವರು ಅದನ್ನು ಹೊಡೆದುಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ಆದರೂ ಸಹಿ ಹಾಕಿದ.

ಮನೆಗೆ ಹೋಗುವಾಗ ಅವನು ಬುವಾಲೈಯ ಓಣಿಯ ಮೇಲೆ ಸುತ್ತಿಬಳಸಿ ಹೋದ. ಅವಳ ಮನೆಗೆ ಬೀಗ ಬಿದ್ದಿತ್ತು. ಬಾಗಿಲ ಮುಂದೆ ನಿಂತು, ತಿರುಗಿ ನೋಡದೆ, "ಇಳಿಯೋ ಯುತ್, ನಿಮ್ಮ ಮನೆ ಬಂತು," ಎಂದ.