ಕುಂಕುಮದ ಭರಣಿಯ ಗುಳಿಗೆಗಳು

ಆಸ್ಪತ್ರೆಯಿಂದ ಫೋನ್ ಬಂದಾಗ ಬೆಳಗಿನ ಏಳು ಗಂಟೆ. ಪರದೇಶದ ನ್ಗಾರಾ ಬಡಾವಣೆಯ ಮನೆಯಲ್ಲಿ ಗಿರಿಜಮ್ಮ ಸೊಸೆಗೆ ಕಳಿಸಲೆಂದು ಗಂಜಿ ಆರಿಸುತ್ತಿದ್ದರು. ಮಗ ಮಂಜುನಾಥ್ ಫೋನ್ ಕೆಳಗಿಟ್ಟು ಒಂದೇ ಮಾತು ಹೇಳಿದ: "ಚೈತನ್ಯಾ ಹೋದ್ಲಮ್ಮ..."

ಹೆಂಡತಿಗೆ ಉಡಿಸಲು ಮದುವೆಯ ಸೀರೆ ಬೇಕಿತ್ತು. ಅವನು ಬೀರು ತೆರೆದು ಸೀರೆ ಎಳೆದಾಗ ಮಡಿಕೆಯಿಂದ ಕುಂಕುಮದ ಭರಣಿ ಉರುಳಿ ಬಿತ್ತು. ಒಳಗೆ ಹನ್ನೊಂದು ಗುಳಿಗೆಗಳು! ಶ್ವಾಸಕೋಶದ ಕ್ಯಾನ್ಸರಿಗೆ ಅವಳು ದಿನಕ್ಕೊಂದರಂತೆ ನುಂಗಬೇಕಿದ್ದ ಗುಳಿಗೆಗಳು!

"ಏನಮ್ಮ ಇದು?"

ಗಿರಿಜಮ್ಮ ಗಂಜಿಯ ಪಾತ್ರೆ ಕೆಳಗಿಟ್ಟರು. "ಸ್ಕ್ಯಾನ್ ಕ್ಲೀನ್ ಬಂತಲ್ಲಪ್ಪ... ಅವಳ ಕೈಲಿ ಹನ್ನೊಂದು ಏಕಾದಶಿ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ಪ್ರತಿ ಸಲ ಆ ದಿನ ನೀರೂ ಬೇಡ, ಗುಳಿಗೆನೂ ಬೇಡ ಅಂದೆ. ಒಂದಿನಕ್ಕೇನಾಗತ್ತೆ ಅಂದ್ಕೊಂಡೆ..."

"ಕೊಂದೆ! ನೀನೇ ಕೊಂದೆ ಅವಳನ್ನ!"

ದೇವರ ಮುಂದಿನ ಹಿತ್ತಾಳೆ ದೀಪವನ್ನೆತ್ತಿ ಅವನು ಬೀಸಿಬಿಟ್ಟ. ತಾಯಿಯ ಹಣೆ ಒಡೆದು ರಕ್ತ ಚಿಮ್ಮಿತು. ಪಟಗಳನ್ನೆಲ್ಲ ಕಿತ್ತು ಗೋಡೆಗೆ ಅಪ್ಪಳಿಸಿದ. ಗಿರಿಜಮ್ಮ ಕೈ ಅಡ್ಡ ಹಿಡಿಯಲಿಲ್ಲ.

"ಹೊಡಿಯಪ್ಪ... ಇನ್ನೂ ಹೊಡಿ."

"ಸ್ಟಾಪ್ ಇಟ್, ಪಪ್ಪಾ! ಅಜ್ಜಿ ಈಸ್ ಬ್ಲೀಡಿಂಗ್!" ಮಗಳು ವಿಭಾ ಅವನ ತೋಳಿಗೆ ಜೋತುಬಿದ್ದಳು.

ಸೊಸೆಯ ದೇಹವಿದ್ದ ಆಸ್ಪತ್ರೆಯಲ್ಲೇ ಅತ್ತೆಯ ಹಣೆಗೆ ಏಳು ಹೊಲಿಗೆ ಬಿತ್ತು. ಮಂಜುನಾಥ್ ಚೈತನ್ಯಾಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ವಾಂಜಿರು ಅವರ ಮೇಜಿನ ಮೇಲೆ ಗುಳಿಗೆ ಸುರಿದು ಕೇಳಿದ: "ಅವಳನ್ನ ಕೊಂದದ್ದು ಇದೇ ತಾನೇ?"

ಡಾಕ್ಟರ್ ಗುಳಿಗೆಗಳನ್ನು ಒಂದೊಂದಾಗಿ ಎಣಿಸಿದರು. "ತಪ್ಪಿಸಿದ್ದು ತಪ್ಪು. ಆದರೆ ಇದರಿಂದಲೇ ಹೋದರು ಎಂದು ನಾನು ಹೇಳಲಾರೆ. ಗಡ್ಡೆ ಕರಗಿದರೂ ಅದನ್ನು ಹುಟ್ಟಿಸುವ ಕೆಲವು ಮೂಲಕೋಶಗಳು ಒಳಗೇ ಮಲಗಿರುತ್ತವೆ. ಸ್ಕ್ಯಾನಿಗೆ ಕಾಣುವುದಿಲ್ಲ, ಔಷಧಿಗೆ ಸಾಯುವುದಿಲ್ಲ. ಮತ್ತೆ ಎದ್ದಾಗ ಆ ಔಷಧಿಗೆ ಬಗ್ಗುವುದೇ ಇಲ್ಲ. ಒಂದು ದಿನವೂ ಗುಳಿಗೆ ತಪ್ಪಿಸದವರನ್ನೂ ನಾನು ಹೀಗೆ ಕಳೆದುಕೊಂಡಿದ್ದೇನೆ."

ಮಂಜುನಾಥ್ ತನ್ನ ಕೈಯನ್ನೇ ನೋಡಿಕೊಂಡ. ಉಗುರಿನಲ್ಲಿ ತಾಯಿಯ ರಕ್ತ ಒಣಗಿತ್ತು...

ಹದಿಮೂರು ದಿನ ಕಳೆದ ಮೇಲೆ ಏಕಾದಶಿ ಬಂತು. ನಲವತ್ತು ವರ್ಷಗಳಿಂದ ಆ ದಿನ ಒಂದಗುಳು ಮುಟ್ಟದ ಗಿರಿಜಮ್ಮ ಅಂದು ತಟ್ಟೆ ಹಾಕಿಕೊಂಡು ಕುಳಿತರು.

"ಅನ್ನ ಬಡಿಸು, ಮಂಜು."

"ಅಮ್ಮಾ... ಇವತ್ತು ಏಕಾದಶಿ."

"ಗೊತ್ತಪ್ಪ. ಬಡಿಸು."

ಬಡಿಸಿದ ಮಗ ತಾಯಿಯ ಪಾದದ ಮೇಲೆ ಬಿದ್ದು ಗಳಗಳನೆ ಅತ್ತ. ಅವನ ತಲೆಯ ಮೇಲೆ ಎಡಗೈ ಇಟ್ಟು ಗಿರಿಜಮ್ಮ ಮೊದಲ ತುತ್ತು ಎತ್ತಿದರು.

"ಸ್ವಾಮೀ, ನನ್ನ ಉಪವಾಸಗಳಲ್ಲಿ ಏನಾದರೂ ಪುಣ್ಯವಿದ್ದರೆ ಅದು ನನಗೆ ಬೇಡ. ಎಲ್ಲವೂ ಆ ಮಗುವಿಗೆ ಸಲ್ಲಲಿ. ಉಸಿರಿಗಾಗಿ ಒದ್ದಾಡಿ ಹೋದವಳು... ನಿನ್ನ ಮಡಿಲಲ್ಲಾದರೂ ಅವಳು ನೆಮ್ಮದಿಯಾಗಿ ಮಲಗಲಿ, ತಂದೇ."