ಬುಜುರ್ಗದ ಮೇಲೆ ಹಾಯಿದೋಣಿ

ಎದುರು ದಂಡೆ ಮುಟ್ಟಬೇಕು. ಮೋಟರ್ ಹಚ್ಚಬಾರದು, ನಡುನೀರಿನಲ್ಲಿ ಯಾರನ್ನೂ ಸಹಾಯಕ್ಕೆ ಕರೆಯಬಾರದು. ಹಾಗೆ ಮುಟ್ಟಿದರೆ ಕಾರಂಜಾ ಹಿನ್ನೀರಿನಲ್ಲಿ ಹುಡುಗಿಯರಿಗಾಗಿ ಹಾಯಿದೋಣಿ ಶಾಲೆ ತೆರೆಯಲು ಅನುಮತಿ, ಇಲ್ಲದಿದ್ದರೆ ಇಲ್ಲ. ನೀರಾವರಿ ಸಾಹೇಬರು ಅನುರಾಧಾಗೆ ಹೇಳಿದ್ದು ಇಷ್ಟೇ.

ಅನುರಾಧಾ ಬಸವಕಲ್ಯಾಣದ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಹಿಂದೆ ಎನ್‌ಸಿಸಿ ನೌಕಾದಳದಲ್ಲಿದ್ದಾಗ ಕಾರವಾರದ ಕ್ಯಾಂಪಿನಲ್ಲಿ ಹಾಯಿ ಬಿಚ್ಚಲು ಕಲಿತಳು. ಅಂದಿನಿಂದ ಅವಳಿಗೆ ನೀರಿನ ಹುಚ್ಚು. ದೋಣಿ ಕಟ್ಟಿದವನು ಅವಳ ಗಂಡ ಗುರುಶಾಂತ. ಮೋಟರ್ ವೈಂಡಿಂಗ್ ಅಂಗಡಿಯವನು, ಮೊಣಕಾಲಿಗಿಂತ ಮೇಲೆ ನೀರು ಬಂದರೆ ದೇವರನ್ನು ನೆನೆಯುವವನು. ಹೆಂಡತಿಗಾಗಿ ಎರಡು ಬೇಸಿಗೆ ಬೆವರು ಸುರಿಸಿ, ಪ್ಲೈವುಡ್ ಬಾಗಿಸಿ, ಬೆಳ್ಳಗೆ ಬಣ್ಣ ಬಳಿದು ಅದಕ್ಕೆ 'ಬೆಳ್ಳಕ್ಕಿ' ಎಂದು ಹೆಸರಿಟ್ಟಿದ್ದ.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಸತೀಶಕುಮಾರ ಬಂದ.

ಹುಮನಾಬಾದಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸತೀಶ ಅದೇ ಕಾರವಾರದ ಕ್ಯಾಂಪಿಗೆ ಹೋಗಿದ್ದವನು. ಅನುರಾಧಾಳನ್ನು ಇವತ್ತಿಗೂ 'ಕ್ಯಾಪ್ಟನ್' ಎಂದೇ ಕರೆಯುತ್ತಾನೆ. ಆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಗುರುಶಾಂತನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ದಾರಿಗೆ ನೆರವಾಗುವ ಯಂತ್ರ ಆರಿಸುವ ಮಾತು ಸತೀಶನ ಅಂಗಡಿಯಲ್ಲೇ ನಡೆಯಿತು. ದೋಣಿಯಲ್ಲಿ ಇರುವುದು ಒಂದೇ ಸಣ್ಣ ಬ್ಯಾಟರಿ. ಅದರ ಮೇಲೆ ಒಂದು ಸಲಕ್ಕೆ ಒಂದೇ ಯಂತ್ರ ನಡೆಯುತ್ತಿತ್ತು.

"ಪ್ಲಾಟರ್ ತಗೊಳ್ರಿ ಕ್ಯಾಪ್ಟನ್. ಉಪಗ್ರಹದ ಸಿಗ್ನಲ್ ಹಿಡೀತದ. ಊರಿನ ಹೆಸರು ಒತ್ತಿದ್ರ ಸಾಕು, ನಕಾಶದಾಗ ಗೆರಿ ಎಳೆದು ದಾರಿ ತೋರಸ್ತದ."

"ನೀರಿನ ತಳ ತೋರಸ್ತದೇನು?" ಗುರುಶಾಂತ ತಟ್ಟನೆ ಕೇಳಿದ. "ನನ್ನ ಕೇಳಿದ್ರ ಸೋನಾರ್ ಬೇಕು. ತಳಕ್ಕ ಸಪ್ಪಳ ಬಿಟ್ಟು ಆಳ ಎಷ್ಟದ ಅಂತ ಹೇಳ್ತದ."

ನಿಜ ಹೇಳಬೇಕೆಂದರೆ ಸೋನಾರಿನ ಮೇಲೆ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಸತೀಶ ಸೋನಾರ್ ಅಂದಿದ್ದರೆ ಇವನು ಪ್ಲಾಟರ್ ಅನ್ನುತ್ತಿದ್ದ.

ಅನುರಾಧಾ ಎರಡನ್ನೂ ತಿರುಗಿಸಿ ನೋಡಿದಳು. "ಆಷಾಢದ ಗಾಳಿ, ಮಳಿ ಬಂದ್ರ ದಂಡಿನೇ ಕಾಣಂಗಿಲ್ಲ. ಪ್ಲಾಟರ್ ಇರಲಿ" ಅಂದಳು.

ಸತೀಶ ನಕ್ಕ. ಗುರುಶಾಂತನೂ ನಕ್ಕ, ಆದರೆ ಆ ನಗೆ ಹಲ್ಲಿನಿಂದ ಒಳಗೆ ಇಳಿಯಲಿಲ್ಲ. ಮರುದಿನ ಯಾರಿಗೂ ಹೇಳದೆ ಹೋಗಿ ಸೋನಾರ್ ಕೊಂಡು ತಂದ. ಹೊರಡುವ ದಿನ ಅದನ್ನು ರೊಟ್ಟಿ ಡಬ್ಬಿಯ ತಳದಲ್ಲಿ ಅಡಗಿಸಿ, ಮೇಲೆ ಖಡಕ್ ರೊಟ್ಟಿ ಪೇರಿಸಿದ.

ಬೆಳಿಗ್ಗೆ ಹಿನ್ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಇತ್ತ ತೊಗರಿ ಬಿತ್ತಿದ ಕರಿಮಣ್ಣಿನ ಹೊಲಗಳು ನೀರಿನ ಅಂಚಿನವರೆಗೂ ಇಳಿದಿದ್ದವು, ಅತ್ತ ದಂಡೆ ಎಳೆದ ಗೆರೆಯಷ್ಟು ತೆಳ್ಳಗೆ ಕಾಣುತ್ತಿತ್ತು. ಕುರಿ ಮೇಯಿಸುತ್ತಿದ್ದ ಸೂರ್ಯಕಾಂತ ದೋಣಿಯನ್ನು ಒಂದು ಕೈ ನೂಕಿಕೊಟ್ಟು, "ಗಾಳಿ ಜೋರ್ ಅದ ಅಕ್ಕಾರ, ಜ್ವಾಕಿ" ಅಂದ. ಅನುರಾಧಾ ಚುಕ್ಕಾಣಿ ಹಿಡಿದಳು, ಸತೀಶ ಪ್ಲಾಟರ್ ಮುಂದೆ, ಗುರುಶಾಂತ ರೊಟ್ಟಿ ಡಬ್ಬಿಯ ಪಕ್ಕ ಕೂತರು. ಹಾಯಿ ಪಟಪಟ ಬಡಿದು ತುಂಬಿಕೊಂಡಿತು.

"ಎದುರು ಊರಿನ ಹೆಸರು ಒತ್ತು ಸತೀಶ. ಹಾಲಗೊಂಡಿ."

ಸತೀಶ ಒತ್ತಿದ. ಪರದೆಯ ಮೇಲೆ ಎರಡು ಹೆಸರು ಮೂಡಿದವು: ಹಾಲಗೊಂಡಿ (ಬಿ), ಹಾಲಗೊಂಡಿ (ಕೆ).

ನಿಜಾಮರ ಕಾಲದಿಂದ ಈ ಕಡೆ ಜೋಡಿ ಊರುಗಳಿಗೆ ಇಂಥ ಬಾಲ ಉಂಟು. 'ಬಿ' ಎಂದರೆ ಬುಜುರ್ಗ, ದೊಡ್ಡದು. 'ಕೆ' ಎಂದರೆ ಖುರ್ದ, ಚಿಕ್ಕದು. ಸಾಹೇಬರು ಕಾಯುವುದು ದೊಡ್ಡ ಊರಲ್ಲೇ ಇರಬೇಕೆಂದು ಸತೀಶ ಯಾರನ್ನೂ ಕೇಳದೆ 'ಬಿ' ಒತ್ತಿದ.

ಗುರುಶಾಂತ ಅದನ್ನು ನೋಡಿದ. ಅವನ ತಾಯಿ ಅಂಬುಬಾಯಿಯ ತವರು ಅದೇ ಬುಜುರ್ಗ. ಅಣೆಕಟ್ಟು ಕಟ್ಟಿದಾಗ ಅದು ಊರಬಾಗಿಲ ಅಗಸಿ, ಕೋಟೆಯಂಥ ಗಢಿ, ಹುಣಸೆ ಮರಗಳ ಸಮೇತ ನೀರಿನಲ್ಲಿ ಮುಳುಗಿತ್ತು. ಈಗ ದಂಡೆಯ ಮೇಲೆ ಉಳಿದಿರುವುದು ಖುರ್ದ ಒಂದೇ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂಚೂರು ಕೆಸರಿನಲ್ಲಿ ಸಿಕ್ಕಿಕೊಳ್ಳಲಿ, ಕ್ಯಾಪ್ಟನ್ ಎದುರು ಈ ಪ್ಲಾಟರ್ ಸಾಹೇಬನ ಮುಖ ಸಣ್ಣದಾಗಲಿ ಎಂದು ಅವನ ಮನಸ್ಸು ಬಯಸಿತು. ಹೊಟ್ಟೆಕಿಚ್ಚಿಗೆ ಕಣ್ಣು ಇರುವುದಿಲ್ಲ, ಅದೇ ದೋಣಿಯಲ್ಲಿ ತಾನೂ ಕೂತಿದ್ದೇನೆಂಬುದು ಅವನಿಗೆ ಹೊಳೆಯಲಿಲ್ಲ.

"ಸೀದಾ ಹೊಂಟೇವ್ರಿ ಕ್ಯಾಪ್ಟನ್. ಬರೋಬ್ಬರಿ ಗೆರಿ ಮ್ಯಾಲೇ ಅದೇವಿ!"

"ಶಾಬಾಸ್ ಸತೀಶ!"

ಗುರುಶಾಂತ ಒಂದು ರೊಟ್ಟಿ ಮುರಿದು ಕಟಕಟ ಕಡಿದ.

ನಡುನೀರಿಗೆ ಬಂದಾಗ ಮೋಡ ಕವಿಯಿತು. ಗಾಳಿ ತಿರುಗಿ ಬೀಸಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಓಡತೊಡಗಿತು.

ಧಡ್!

ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟಿದ್ದ ಹಲಗೆ ಕಲ್ಲಿಗೆ ಬಡಿದಿತ್ತು. ಬೆಳ್ಳಕ್ಕಿ ಮುಗ್ಗರಿಸಿತು. ಅಂಚು ದಾಟಿ ನೀರು ನುಗ್ಗಿತು.

"ಹಗ್ಗ ಬಿಡ್ರಿ! ಹಲಗಿ ಮ್ಯಾಲೆತ್ರಿ!" ಅನುರಾಧಾ ಕೂಗಿದಳು.

ಸತೀಶ ಹಾಯಿಯ ಹಗ್ಗ ಬಿಟ್ಟ. ಗುರುಶಾಂತ ಹಲಗೆ ಎತ್ತಿದ. ಆದರೆ ಹಲಗೆ ಇಲ್ಲದ ದೋಣಿ ಗಾಳಿ ನೂಕಿದತ್ತ ಅಡ್ಡಡ್ಡ ಜಾರಿತು. ಎದುರಿಗೆ ಸತ್ತ ಹುಣಸೆ ಮರಗಳ ತುದಿಗಳು ನೀರಿನಿಂದ ಚೂಪಾಗಿ ಎದ್ದಿದ್ದವು.

"ಕಲ್ಲು ಎಲ್ಲಿಂದ ಬಂತು? ನಕಾಶದಾಗ ಬರೇ ನೀಲಿ ಅದ!" ಸತೀಶ ಪರದೆಯನ್ನು ಬೆರಳಿನಿಂದ ಬಡಿದ.

"ಆಗಂಗಿಲ್ಲ ಅಂದ್ರ ಮೋಟರ್ ಬೋಟ್ ಕರೀಬೇಕು" ಎಂದಳು ಅನುರಾಧಾ. ಫೋನಿಗೆ ಕೈ ಹಾಕಿದವಳ ಕಣ್ಣು ತುಂಬಿತ್ತು. ಕರೆದರೆ ಶಾಲೆ ಅಲ್ಲಿಗೇ ಮುಗಿಯಿತು.

ಆ ಕಣ್ಣು ನೋಡಿ ಗುರುಶಾಂತ ರೊಟ್ಟಿ ಡಬ್ಬಿ ಎಳೆದುಕೊಂಡ. ಡಬ್ಬಿ ತೆರೆದು ರೊಟ್ಟಿಯನ್ನೆಲ್ಲ ನೀರಿಗೆ ಸುರಿದ. ಸೋನಾರ್ ತೆಗೆದು, ಪ್ಲಾಟರಿನ ವಾಯರ್ ಕಿತ್ತು ಬ್ಯಾಟರಿಗೆ ಅದನ್ನು ಹಚ್ಚಿದ. ಸಪ್ಪಳ ಬಿಡುವ ಅದರ ಗುಂಡನ್ನು ಕೈಯಲ್ಲೇ ಹಿಡಿದು ನೀರಿಗೆ ಅದ್ದಿದ.

"ಫೋನ್ ಇಡು ಅನು! ಸತೀಶ, ಡಬ್ಬಿ ತಗೊಂಡು ನೀರು ಎತ್ತಿ ಹಾಕು!"

"ಇದು ಯಾವಾಗ ತಂದ್ರಿ ಅಣ್ಣಾ?"

"ಎತ್ತಿ ಹಾಕೋ ಮಾರಾಯ!"

ಪರದೆಯಲ್ಲಿ ಅಂಕಿ ಕುಣಿಯಿತು. ಎರಡು ಫೂಟು. ಒಂದೂವರೆ. ಮತ್ತೆ ಎರಡು. ಎಡಗಡೆ ಗುಂಡು ಅದ್ದಿದಾಗ ತಟಕ್ಕನೆ ಒಂಬತ್ತು.

"ಎಡಕ್ಕ! ಇದು ಗಢಿ ಗ್ವಾಡಿ. ಇದರ ಮಗ್ಗಲಾಗೇ ಅಗಸಿಗೆ ಹೋಗೋ ಓಣಿ ಅದ, ಅವ್ವ ಹೇಳ್ತಿದ್ಲು. ಹಲಗಿ ಇಳಸು, ಹಗ್ಗ ಎಳಿ!"

ಬಿದ್ದ ಮನೆಗಳ ನಡುವೆ ಮುಳುಗಿದ ಓಣಿ ಹಳ್ಳದಂತೆ ಆಳವಾಗಿತ್ತು. ಗುರುಶಾಂತ ಅಂಕಿ ಕೂಗಿದ, ಅನುರಾಧಾ ಚುಕ್ಕಾಣಿ ತಿರುವಿದಳು, ಸತೀಶ ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ನೀರು ತೋಡಿದ. ಇಷ್ಟು ದಿನ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದವರು ಮೊದಲ ಸಲ ಒಂದೇ ಕಡೆ ಎಳೆದರು. ಹುಣಸೆಯ ಕೊಂಬೆಯೊಂದು ಹಾಯಿಯನ್ನು ಪರ್ರೆಂದು ಗೀರಿತು. ಹನ್ನೆರಡು ಫೂಟು. ಹದಿನೆಂಟು. ಮೂವತ್ತು.

ಪಾರಾದರು. ಆದರೆ ಅಷ್ಟರಲ್ಲಿ ಮಳೆ ಪರದೆಯಂತೆ ಇಳಿದು ಎರಡೂ ದಂಡೆ ಮುಚ್ಚಿಹೋದವು. ಸೋನಾರಿಗೆ ಆಳ ಗೊತ್ತು, ದಿಕ್ಕು ಗೊತ್ತಿಲ್ಲ.

ಗುರುಶಾಂತ ಹಲ್ಲು ಕಚ್ಚಿದ. ಸೋನಾರ್ ಬಿಚ್ಚಿ, ತನ್ನ ಕೈಯಾರೆ ಪ್ಲಾಟರ್ ಹಚ್ಚಿದ. ಇದಕ್ಕಿಂತ ಮತ್ತೊಮ್ಮೆ ಕಲ್ಲಿಗೆ ಬಡಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಕೆ ಒತ್ತು. ಖುರ್ದ. ಬುಜುರ್ಗ ಮುಳುಗಿದ ಊರು" ಎಂದ.

ಸತೀಶ ಒತ್ತಿದ. ಅನುರಾಧಾ ಮಾತ್ರ ಗಂಡನ ಮುಖವನ್ನೇ ನೋಡಿದಳು. ಆ ನೋಟ ಮಳೆಗಿಂತ ತಣ್ಣಗಿತ್ತು.

ಹರಿದ ಹಾಯಿ, ಒದ್ದೆ ಬಟ್ಟೆ, ಮೊಣಕಾಲುದ್ದ ನೀರಿನೊಂದಿಗೆ ಬೆಳ್ಳಕ್ಕಿ ಖುರ್ದದ ದಂಡೆಗೆ ಮೂಗು ತಾಗಿಸಿತು. ಛತ್ರಿ ಹಿಡಿದು ನಿಂತಿದ್ದ ಸಾಹೇಬರು ದೋಣಿಯನ್ನು ಸುತ್ತುಹಾಕಿ ನೋಡಿ, "ಮೋಟರ್ ಇಲ್ಲ. ಕರೆದೂ ಇಲ್ಲ. ಆಯ್ತು ಬಿಡ್ರಿ, ಶಾಲಿ ಚಾಲೂ ಮಾಡ್ರಿ" ಅಂದರು. ಅನುರಾಧಾ ಚಪ್ಪಲಿ ಇಲ್ಲದ ಕಾಲಲ್ಲೇ ಕುಣಿದಳು.

ಸಾಹೇಬರು ಹೋದ ಮೇಲೆ ಅವಳು ಗಂಡನ ಬಳಿ ಬಂದಳು. "ಅತ್ತಿಯವರ ತವರು ಬುಜುರ್ಗ. ಅಂವ ಬಿ ಒತ್ತಿದಾಗ ನೀವು ನೋಡಿದ್ರಿ, ಹೌದಲ್ರಿ?"

"ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಅಂವ ಕ್ಯಾಪ್ಟನ್ ಕ್ಯಾಪ್ಟನ್ ಅಂತಾನಲ್ಲ, ಸಹಿಸೋದಾಗಲಿಲ್ಲ."

ಅವಳಿಗೆ ಸಿಟ್ಟು ಬಂದಿತ್ತು, ನಗುವೂ ಬಂತು. "ನೀವೂ ಅನ್ರಿ, ಬ್ಯಾಡ ಅಂದವ್ರು ಯಾರು? ಆದ್ರ ಇನ್ನೊಮ್ಮೆ ಹಿಂಗ ಮಾಡಿದ್ರ ಇಲ್ಲೇ ಇಳಿಸಿ ಹೋಗ್ತೀನಿ" ಎಂದು ಒದ್ದೆ ಸೆರಗಿನಿಂದ ಅವನ ತಲೆ ಒರೆಸಿದಳು. ಗುರುಶಾಂತನಿಗೆ ದಂಡೆ ಮುಟ್ಟಿದ್ದು ಆಗ ನಿಜವೆನಿಸಿತು.

ಅಷ್ಟರಲ್ಲಿ ಸತೀಶ ಬಂದ, ಮುಖದಲ್ಲಿ ಒಂಚೂರೂ ಕಲ್ಮಶವಿಲ್ಲ. "ಅಣ್ಣಾ, ನೀವು ಅಂದಿದ್ದೇ ಖರೆ. ಶಾಲಿ ದೋಣಿಗೆ ಕಣ್ಣು ಮುಚ್ಚಿ ಸೋನಾರೇ ತಗೊಳ್ಳೋಣ. ಏನಂತೀರಿ ಕ್ಯಾಪ್ಟನ್?"

ಅನುರಾಧಾ ತಲೆಯಾಡಿಸಿದಳು. "ಖರೆ ಅದ. ಸತೀಶ ಹೇಳೋದು ಬರೋಬ್ಬರಿ ಅದ."

ಗುರುಶಾಂತ ಗಂಟಲು ಸರಿಮಾಡಿಕೊಂಡ.

"ಯಾಕ? ಪ್ಲಾಟರಿಗೆ ಏನಾಗ್ಯದ?" ಎಂದ.